ಮಗು ಸಹಾಯಕಿಯ ಮಡಿಲಲ್ಲೇ ಕೂತರೆ ಸಾಕೇ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲಿಗೆ ಬರುವ ನಾಲ್ಕು ವರ್ಷದ ಹುಡುಗ ಎರಡು ಪದ ಕೂಡಿಸಿ ಮಾತನಾಡುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಕುಕ್ಕರ್ ಕೂಗಿದರೆ ಅಳುತ್ತಾನೆ. ಸಹಾಯಕಿ ಅವನನ್ನು ದಿನವಿಡೀ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಇವನಿಗೆ ಕಲಿಸುವುದು ವಿಶೇಷ ಶಿಕ್ಷಕರ ಕೆಲಸ ಎನ್ನುತ್ತಾರೆ. ನಮ್ಮ ಹೊಣೆ ಎಷ್ಟು?

ಉತ್ತರ: ಸಮಸ್ಯೆಗೆ ಹೆಸರಿಡುವುದು ನಿಮ್ಮಿಬ್ಬರ ಕೆಲಸವಲ್ಲ, ಗುರುತಿಸುವುದು, ಸೂಕ್ತ ತಪಾಸಣೆಗೆ ಕಳುಹಿಸುವುದು ಮತ್ತು ಉಳಿದ ಮಕ್ಕಳ ಜೊತೆಯಲ್ಲೇ ಕಲಿಸುವುದು ನಿಮ್ಮ ಕೆಲಸವೇ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ದಿವ್ಯಾಂಗ ಮಕ್ಕಳಿಗಾಗಿ 2023ರ ನವೆಂಬರ್‌ನಲ್ಲಿ ಹೊರತಂದ ಅಂಗನವಾಡಿ ಮಾರ್ಗಸೂಚಿಯ ಆಶಯವೂ ಇದೇ.

ಕುಕ್ಕರ್ ಸದ್ದಿಗೆ ಅಳುತ್ತಾನೆಂದ ಮಾತ್ರಕ್ಕೆ ಕಿವಿ ಸರಿಯಿದೆ ಎಂದುಕೊಳ್ಳಬೇಡಿ. ಜೋರು ಸದ್ದು ಕೇಳಿಸಿ, ಮಾತಿನ ಕೆಲವು ದನಿಗಳು ಮಾತ್ರ ಕೇಳಿಸದಿರುವುದುಂಟು. ಆದ್ದರಿಂದ ಆಟಿಸಂ (ಮಾತು, ಒಡನಾಟಗಳ ಬೆಳವಣಿಗೆ ಭಿನ್ನವಾಗಿರುವ ಸ್ಥಿತಿ) ಇರಬಹುದೇ ಎಂಬ ಚರ್ಚೆ ಏನೇ ಇರಲಿ, ಶ್ರವಣ ಪರೀಕ್ಷೆ ಆಗಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಆಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬರಬೇಕೆಂಬ ನಿಯಮವಿದೆಯಾದರೂ, ಅದರ ಬರವಿಗೆ ಕಾಯುತ್ತ ಕೂರದೆ ಮೇಲ್ವಿಚಾರಕಿಗೂ ಆಶಾ ಕಾರ್ಯಕರ್ತೆಗೂ ಈಗಲೇ ತಿಳಿಸಿ.

ಅಲ್ಲಿಯವರೆಗೆ ನೀವು ಕಂಡದ್ದನ್ನು ಬರೆದಿಡಿ. ‘ಹಠಮಾರಿ’ ಎಂಬ ಷರಾ ವೈದ್ಯರಿಗೆ ಯಾವ ಉಪಯೋಗಕ್ಕೂ ಬಾರದು. ‘ಹಿಂದಿನಿಂದ ಕರೆದಾಗ ತಿರುಗಲಿಲ್ಲ, ಮೊಟ್ಟೆ ಬೇಕಾದಾಗ ನನ್ನ ಕೈ ಹಿಡಿದು ತಟ್ಟೆಯತ್ತ ಎಳೆದ’ ಎಂಬ ಒಂದೇ ಸಾಲು ಬಹಳಷ್ಟು ಹೇಳುತ್ತದೆ.

ಇನ್ನು ಸಹಾಯಕಿಯ ವಿಷಯ. ಅವರ ಮಮತೆ ದೊಡ್ಡದು, ಆದರೆ ದೊಡ್ಡವರೊಬ್ಬರು ಸದಾ ಅಂಟಿಕೊಂಡಿರುವ ಮಗುವಿನ ಹತ್ತಿರ ಬೇರೆ ಮಕ್ಕಳು ಸುಳಿಯುವುದಿಲ್ಲ, ಮಗುವಿಗೂ ಏನನ್ನಾದರೂ ಕೇಳುವ ಪ್ರಮೇಯ ಬರುವುದಿಲ್ಲ. ಊಟಕ್ಕೆ ಮುನ್ನ ಕೈ ತೊಳೆಯುವ ಹೊತ್ತನ್ನೇ ತೆಗೆದುಕೊಳ್ಳಿ. ಸಹಾಯಕಿ ಅವನ ಕೈಯನ್ನು ತಾವೇ ತೊಳೆದುಬಿಡುವ ಬದಲು, ಅವನ ಎದುರಿಗೆ ಕುಳಿತು, ಮುಖ ಕಾಣುವಂತೆ ‘ನೀರು’ ಎಂದು ಹೇಳಿ, ಚೊಂಬನ್ನು ಬಗ್ಗಿಸದೆ ತುಸು ಕಾಯಲಿ. ಅವನು ನೋಡಿದರೂ, ಕೈ ಚಾಚಿದರೂ, ದನಿ ಹೊರಡಿಸಿದರೂ ಅದನ್ನೇ ಉತ್ತರವೆಂದು ಎಣಿಸಿ ಕೂಡಲೇ ನೀರು ಹಾಕಲಿ. ಸಾಲಿನಲ್ಲಿ ಅವನ ಮುಂದೆ ತಾಳ್ಮೆಯಿರುವ ಮಗುವೊಂದನ್ನು ನಿಲ್ಲಿಸಿದರೆ ನೋಡಿ ಕಲಿಯುವುದೂ ಆಗುತ್ತದೆ. ಯಾವ ಹೊತ್ತಿನಲ್ಲಿ ಏನನ್ನು ಹೀಗೆ ಮಾಡಿಸಬೇಕೆಂದು ಯೋಜಿಸುವುದು ನಿಮ್ಮ ಪಾಲಿನದು. ಅಡುಗೆ, ಗುಡಿಸುವುದು, ಮಕ್ಕಳನ್ನು ಕರೆತರುವುದು ಎಲ್ಲವೂ ಅವರ ಮೇಲಿರುವಾಗ, ಯೋಜನೆಯನ್ನೂ ಅವರಿಗೇ ಬಿಡುವುದು ನ್ಯಾಯವಲ್ಲ. ಕುಕ್ಕರ್ ಇಡುವ ಮುನ್ನ ಅವರು ಸೂಚನೆ ಕೊಟ್ಟರೆ, ನೀವು ಆ ಹೊತ್ತಿಗೆ ಮಕ್ಕಳೆಲ್ಲರನ್ನೂ ಅಂಗಳದ ಆಟಕ್ಕೆ ಕರೆದೊಯ್ಯಬಹುದು.

ತಾಯಿಯೊಡನೆ ಈ ಮಾತನ್ನು ಮಗುವನ್ನು ಕರೆದೊಯ್ಯುವ ಗಡಿಬಿಡಿಯಲ್ಲಿ, ನಾಲ್ಕು ಜನರ ಎದುರು ಎತ್ತಬೇಡಿ. ಬರೆದಿಟ್ಟದ್ದನ್ನು ಹಿಡಿದು ಮನೆಗೇ ಹೋಗಿ, ಮೈಸೂರಿಗೆ ಹೋಗುವ ದಿನವನ್ನು ಅಲ್ಲಿಯೇ ನಿಶ್ಚಯಿಸಿಕೊಂಡು ಬನ್ನಿ.