ಟ್ರಂಕಲ್ಲಿ ಸಿಕ್ಕ ಸ್ಮಾರಕ ನಾಣ್ಯಗಳ ಬಗ್ಗೆ ಕೇಳಿದ ಅಕ್ಕನಿಗೆ

ಅಕ್ಕ, ಬೇರೆಲ್ಲ ಆಮೇಲೆ ನಿಧಾನಕ್ಕೆ ಓದಿ, ಮೊದಲು ಇದೊಂದು ಕೇಳಿ. ಆ ನಾಣ್ಯಗಳನ್ನ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಪ್ಪನ ಟ್ರಂಕಲ್ಲಿ ಒಂದು ಡಬ್ಬಿ ತುಂಬ ಹಳೇ ಚಿಲ್ಲರೆ ಸಿಕ್ಕಿದೆ, ಗಾಂಧಿ ನೆಹರೂ ಇರೋವೂ ಇವೆ, ಅವು ಬೆಳ್ಳಿನಾ, ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ ನಿಜಾನಾ, ಏಳನೇ ಕ್ಲಾಸಲ್ಲಿರೋ ಮಗಳು ಇದನ್ನೇ ಹವ್ಯಾಸ ಮಾಡ್ಕೋತೀನಿ ಅಂತಿದಾಳೆ, ತೊಳೆದು ಆಲ್ಬಮ್‌ಗೆ ಹಾಕ್ಬೋದಾ ಅಂತ ಕೇಳಿದೀರಿ. ನಿಮ್ಮ ಪೋಸ್ಟ್ ಕೆಳಗಡೆ ಕಾಮೆಂಟಲ್ಲಿ ಯಾರೋ ಹುಣಸೆಹುಳಿ, ಇನ್ನೊಬ್ಬರು ಟೂತ್‌ಪೇಸ್ಟು, ಮತ್ತೊಬ್ಬರು ಪಾತ್ರೆ ತಿಕ್ಕೋ ಪೀತಾಂಬರಿ ಪುಡಿ ಅಂದಿದಾರೆ. ಮೂರೂ ಬೇಡ.

ಯಾಕೆ ಅಂದ್ರೆ ಹೊಸ ನಾಣ್ಯದ ಮೇಲಿರೋ ಹೊಳಪು ಪಾಲಿಶ್ ಹಾಕಿ ಬಂದಿದ್ದಲ್ಲ. ಅಚ್ಚು ಬಿದ್ದಾಗ ಆ ಒತ್ತಡಕ್ಕೆ ಲೋಹ ಒಂಚೂರು ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿರ್ತವೆ, ಆ ಗೆರೆಗಳಿಂದ ಬರೋದು ಆ ಹೊಳಪು. ನಾಣ್ಯನ ಓರೆಯಾಗಿ ಹಿಡಿದು ತಿರುಗಿಸಿದ್ರೆ ಬೆಳಕು ಮೇಲ್ಮೈ ಮೇಲೆ ಸುತ್ತು ಹೊಡೆಯೋದು ಕಾಣತ್ತೆ. ಒಂದ್ಸಲ ಹುಳಿ ಹಾಕಿ ತಿಕ್ಕಿದ್ರೆ ಆ ಗೆರೆ ಹೋಯ್ತು, ಆಮೇಲೆ ಎಷ್ಟು ಫಳಫಳ ಅಂದ್ರೂ ಅದು ತಿಕ್ಕಿದ ಪಾತ್ರೆ ಹೊಳಪೇ, ಸಂಗ್ರಾಹಕರು ನೋಡಿದ ತಕ್ಷಣ ಪಕ್ಕಕ್ಕೆ ಇಡ್ತಾರೆ. ಮಣ್ಣು ಜಿಡ್ಡು ಇದ್ರೆ ಬರೀ ನೀರಲ್ಲಿ ನೆನೆಸಿಟ್ಟು ಮೆತ್ತಗಿರೋ ಬಟ್ಟೆ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ. ಕಪ್ಪಾಗಿರೋ ಬೆಳ್ಳಿನ ಹಾಗೇ ಬಿಡಿ, ಆ ಕಪ್ಪು ಇಷ್ಟಪಡೋರೇ ಜಾಸ್ತಿ.

ಇನ್ನು ಲಕ್ಷದ ವಿಷಯ. ವೈಷ್ಣೋದೇವಿ 5 ಮತ್ತು 10 ರೂಪಾಯಿ ನಾಣ್ಯ 2012ರದ್ದು, ಬ್ಯಾಂಕ್ ಮೂಲಕ ಚಲಾವಣೆಗೇ ಬಿಟ್ಟಿದ್ದು, ಇವತ್ತಿಗೂ ಅಂಗಡಿ ಗಲ್ಲಾದಲ್ಲಿ ಸಿಗತ್ತೆ. ಅದಕ್ಕೆ ಲಕ್ಷ ಕೊಡೋರು ಯಾರೂ ಇಲ್ಲ. ಲಕ್ಷ ಕೊಡ್ತೀವಿ ಅನ್ನೋ ವಿಡಿಯೋಗಳಲ್ಲಿ ಬರೋ ನಂಬರಿಗೆ ಫೋನ್ ಮಾಡಿದ್ರೆ ಏನಾಗತ್ತೆ ಅಂದ್ರೆ ಮೊದಲು ರಿಜಿಸ್ಟ್ರೇಷನ್ ಚಾರ್ಜು ಅಂತಾರೆ, ಆಮೇಲೆ ಜಿಎಸ್‌ಟಿ ಅಂತಾರೆ, ಆಮೇಲೆ ಆರ್‌ಬಿಐ ಕಮಿಷನ್ ಅಂತ ಒಂದು ಕಾಗದ ಕಳಿಸ್ತಾರೆ, ದುಡ್ಡು ನಿಮ್ಮ ಕಡೆಯಿಂದಲೇ ಹೋಗ್ತಾ ಇರತ್ತೆ. ಹಳೇ ನೋಟು ನಾಣ್ಯ ಮಾರೋ ವ್ಯವಹಾರಕ್ಕೆ ನಾವು ಯಾವ ಕಮಿಷನ್ನೂ ತಗೊಳಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ದಯವಿಟ್ಟು ಮನೇಲಿ ಎಲ್ಲರಿಗೂ ಹೇಳಿ, ವಯಸ್ಸಾದೋರೇ ಇದಕ್ಕೆ ಜಾಸ್ತಿ ಸಿಕ್ಕಿಹಾಕಿಕೊಳ್ಳೋದು. ಇದರ ಜೊತೆಗೇ ಇನ್ನೊಂದು: ರಾಮ ಸೀತೆ, ಆಂಜನೇಯ ಇರೋ ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತ ಬರೆದಿರೋ ಬಿಲ್ಲೆ ಟ್ರಂಕಲ್ಲಿ ಸಿಕ್ಕಿದ್ರೆ ಅದು ನಾಣ್ಯ ಅಲ್ಲ, ಕಂಪನಿ ಅಂಥದ್ದು ಹೊಡೆಸಿಯೇ ಇಲ್ಲ. ದೇವರ ಮನೇಲಿ ಇಟ್ಕೊಳಿ, ಸಂಗ್ರಹಕ್ಕೆ ಬೇಡ.

ಈಗ ಡಬ್ಬಿ ಸುರಿದುಕೊಂಡು ಕೂತಾಗ ಸ್ಮಾರಕ ನಾಣ್ಯ, ಅಂದ್ರೆ ಯಾರದೋ ಅಥವಾ ಯಾವುದೋ ಘಟನೆಯ ನೆನಪಿಗೆ ಹೊರಡಿಸಿದ ನಾಣ್ಯ, ಯಾವುದು ಅಂತ ಗೊತ್ತು ಮಾಡ್ಕೊಳೋದು ಸುಲಭ. ಅಶೋಕ ಸ್ತಂಭದ ಸಿಂಹ ಇರೋ ಬದಿ ಎಲ್ಲದಕ್ಕೂ ಇರತ್ತೆ, ಇನ್ನೊಂದು ಬದಿ ನೋಡಿ, ಅಲ್ಲಿ ಒಬ್ಬ ವ್ಯಕ್ತಿನೋ ಕಟ್ಟಡನೋ ಘೋಷಣೆನೋ ಇದ್ದು ಪಕ್ಕದಲ್ಲಿ ಹೆಸರೋ ಎರಡು ಇಸವಿನೋ ಇದ್ರೆ ಅದು ಸ್ಮಾರಕ. ಈ ಎರಡು ಇಸವಿ ವಿಷಯಕ್ಕೆ ಹುಷಾರು. ಗಾಂಧೀಜಿ ನಾಣ್ಯದ ಮೇಲೆ 1869-1948 ಅಂತ ಇದೆ, ತುಂಬಾ ಜನ ಇದು 48ರದ್ದು ಅಂದ್ಕೊಂಡು ಬೆಲೆ ಹೇಳ್ತಾರೆ, ಅದು ಹುಟ್ಟಿದ ಮತ್ತು ತೀರಿಕೊಂಡ ವರ್ಷ, ನಾಣ್ಯ ಬಂದಿದ್ದು 1969ರಲ್ಲಿ ಶತಮಾನೋತ್ಸವಕ್ಕೆ. ನೆಹರೂ ನಾಣ್ಯದ ಮೇಲಿನ 1889-1964 ಕೂಡ ಹಾಗೇ, ಅವರು ತೀರಿಕೊಂಡ ವರ್ಷವೇ ಬಂದಿದ್ದು. ಗಣರಾಜ್ಯ ಆದ ಮೇಲೆ ನಮ್ಮ ಸರ್ಕಾರ ಮಾಡಿಸಿದ ಮೊದಲ ಸ್ಮಾರಕ ನಾಣ್ಯ ಅದೇ, 50 ಪೈಸೆ ಮತ್ತು 1 ರೂಪಾಯಿ. ಅದು ನಿಮ್ಮ ಡಬ್ಬೀಲೇ ಇದೆ ಅನ್ನೋದು ಮಗಳಿಗೆ ಹೇಳಿ, ಖುಷಿ ಪಡ್ತಾಳೆ.

ಬೆಳ್ಳಿನಾ ಅಂತ ಕೇಳಿದ್ರಲ್ಲ. ನೆಹರೂ, ಗಾಂಧಿ 1 ರೂಪಾಯಿ 50 ಪೈಸೆ ಎರಡೂ ಬೆಳ್ಳಿ ಅಲ್ಲ, ನಿಕಲ್. ಫ್ರಿಜ್ ಮೇಲೆ ಅಂಟಿಸಿರೋ ಮ್ಯಾಗ್ನೆಟ್ ತಗೊಂಡು ಹತ್ರ ಹಿಡೀರಿ, ಟಪ್ ಅಂತ ಅಂಟ್ಕೊಳತ್ತೆ, ನಿಕಲ್‌ಗೆ ಆ ಗುಣ ಇದೆ, ಬೆಳ್ಳಿಗೆ ಇಲ್ಲ. ಬೆಳ್ಳಿ ಇರೋದು ಗಾಂಧಿ 10 ರೂಪಾಯಿಯಲ್ಲಿ, 15 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 80 ಭಾಗ ಬೆಳ್ಳಿ. 1972ರ ಸ್ವಾತಂತ್ರ್ಯದ 25ನೇ ವರ್ಷದ 10 ರೂಪಾಯಿ ಹೊತ್ತಿಗೆ ತೂಕ 22.5 ಗ್ರಾಂ ಆಯ್ತು, ಬೆಳ್ಳಿ ಅರ್ಧಕ್ಕೆ ಇಳೀತು. 1974ರಿಂದ 10 ರೂಪಾಯಿ ದೊಡ್ಡ ನಾಣ್ಯ ಕ್ಯುಪ್ರೊ ನಿಕಲ್, ಅಂದ್ರೆ ತಾಮ್ರ ನಿಕಲ್ ಮಿಶ್ರಣ, ಇದು ಮ್ಯಾಗ್ನೆಟ್‌ಗೂ ಅಂಟಲ್ಲ ಬೆಳ್ಳಿನೂ ಅಲ್ಲ, ಇಲ್ಲೇ ಜನ ಏಮಾರೋದು. ಅದಕ್ಕೇ ಗ್ರಾಂ ಲೆಕ್ಕ ತೋರಿಸೋ ಸಣ್ಣ ತಕ್ಕಡಿ ಒಂದು ತಗೊಳ್ಳಿ, ಈ ಹವ್ಯಾಸಕ್ಕೆ ಆಲ್ಬಮ್‌ಗಿಂತ ಮೊದಲು ಬೇಕಾಗಿರೋದು ಅದು. ಇಸವಿ ಮತ್ತು ತೂಕ ಎರಡೂ ತಾಳೆ ಆದ್ರೆ ಅರ್ಧ ಅನುಮಾನ ಅಲ್ಲೇ ಮುಗೀತು.

ಮಿಂಟ್ ಮಾರ್ಕ್, ಅಂದ್ರೆ ನಾಣ್ಯ ಯಾವ ಟಂಕಸಾಲೆಯಲ್ಲಿ ಅಚ್ಚಾಯ್ತು ಅನ್ನೋ ಗುರುತು, ನೋಡೋದನ್ನ ಮಗಳಿಗೆ ಈಗಲೇ ಕಲಿಸಿ, ಮಕ್ಕಳಿಗೆ ಇದು ಬಹಳ ಹಿಡಿಸತ್ತೆ. ಇಸವಿ ಕೆಳಗೆ ಭೂತಗನ್ನಡಿ ಹಿಡಿದು ನೋಡಿ, ವಜ್ರದಾಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ಬರೀ ದುಂಡಗಿನ ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ಲ ಅಂದ್ರೆ ಕೋಲ್ಕತ್ತಾ. ಒಂದೇ ನಾಣ್ಯ ಒಂದು ಟಂಕಸಾಲೆಯಲ್ಲಿ ರಾಶಿ ರಾಶಿ, ಇನ್ನೊಂದರಲ್ಲಿ ಸ್ವಲ್ಪವೇ ಬಂದಿರತ್ತೆ, ಬೆಲೆ ವ್ಯತ್ಯಾಸ ಆಗೋದು ಹೆಚ್ಚಾಗಿ ಇಲ್ಲೇ. ಲೋಹನೂ ಹಾಗೆ. ದಪ್ಪನೆ 9 ಗ್ರಾಂನ ಕ್ಯುಪ್ರೊ ನಿಕಲ್ 5 ರೂಪಾಯಿ ನಿಲ್ಲಿಸಿ 6 ಗ್ರಾಂನ ಸ್ಟೀಲ್‌ಗೆ ಬಂದ ಹೊತ್ತಲ್ಲಿ ಕೆಲವು ಸ್ಮಾರಕ ನಾಣ್ಯ ಎರಡೂ ಲೋಹದಲ್ಲಿ ಬಂದಿವೆ, ನಾರಾಯಣ ಗುರುಗಳ 2006ರ 5 ರೂಪಾಯಿ ಹಂಗಿದ್ದೇ, ಅಲ್ಲೂ ಮ್ಯಾಗ್ನೆಟ್ ಹೇಳತ್ತೆ ಯಾವುದು ಅಂತ.

ಈಗ ನನಗೆ ನಿಜವಾಗ್ಲೂ ಹೇಳಬೇಕಾಗಿರೋ ವಿಷಯ. ಎಲ್ಲಾ ಸ್ಮಾರಕ ನಾಣ್ಯ ಕೂಡಿಸ್ತೀನಿ ಅಂತ ಮಗಳು ಪಟ್ಟಿ ಹಿಡ್ಕೊಂಡು ಹೊರಡೋದು ಬೇಡ. ಪಟ್ಟಿ ಮುಗಿಯಲ್ಲ, ದುಡ್ಡು ಮುಗಿಯತ್ತೆ, ಕೊನೆಗೆ ನಾಣ್ಯದ ಮೇಲಿರೋರು ಯಾರು ಅಂತಾನೂ ಗೊತ್ತಿರಲ್ಲ. ಒಂದು ಎಳೆ ಹಿಡೀಲಿ. ನನ್ನ ಕೇಳಿದ್ರೆ ನಮ್ಮ ನಾಡಿಗೆ ತಾಗೋ ನಾಣ್ಯಗಳಿಂದ ಶುರು ಮಾಡಿಸಿ. ಮೊದಲನೇದು 2006ರ ಬಸವೇಶ್ವರ 5 ರೂಪಾಯಿ. ಕಲ್ಯಾಣ, ಬಿಜ್ಜಳ, ಅನುಭವ ಮಂಟಪ ಎಲ್ಲ ಅವಳು ಶಾಲೇಲಿ ಓದ್ತಾಳೆ, ಆ ಪಾಠದ ಪಕ್ಕದಲ್ಲಿ ಈ ನಾಣ್ಯ ಇಡಿ. ಆಮೇಲೆ 2003ರ ರೈಲ್ವೆ 2 ರೂಪಾಯಿ, ಅದರ ಮೇಲೆ ಲಾಟೀನು ಹಿಡಿದ ಆನೆ ಇದೆ, ಭೋಲು ಅಂತ. ಮುಂಬೈ ಠಾಣೆ ಮಧ್ಯೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16, ಅದರ 150ನೇ ವರ್ಷಾಚರಣೆಗೆ ಮಾಡಿದ ಗೊಂಬೆ ಅದು. ಆ ಭೋಲು ಮೊದಲು ಕಾಣಿಸ್ಕೊಂಡಿದ್ದು ನಮ್ಮ ಬೆಂಗಳೂರು ಸ್ಟೇಷನ್ನಲ್ಲೇ, 2002ರ ಏಪ್ರಿಲ್ 16ರ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹಸಿರು ದೀಪ ತೋರಿಸಿ ಕಳಿಸಿದ್ದು. ಮಕ್ಕಳ ಸಂಗ್ರಹಕ್ಕೆ ಇದಕ್ಕಿಂತ ಚಂದದ ನಾಣ್ಯ ನಾನಂತೂ ಕಂಡಿಲ್ಲ.

ದಂಡಿ ನಾಣ್ಯದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. 1997ರಲ್ಲಿ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಬಂದ 50 ಪೈಸೆ ನೋಡಿ, ಗಾಂಧೀಜಿ ಮುಂದೆ ನಡೀತಿದಾರೆ, ಹಿಂದೆ ಜನ. 2005ರಲ್ಲಿ ದಂಡಿಯಾತ್ರೆಗೆ 75 ವರ್ಷ ಆದಾಗ 5 ರೂಪಾಯಿ ಬಂತು. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಗಾಂಧೀಜಿ ಜೊತೆ ಹೊರಟ 78 ಜನರಲ್ಲಿ ಒಬ್ಬರೇ ಒಬ್ಬರು ಕನ್ನಡದವರು, ಈಗಿನ ಹಾವೇರಿ ಜಿಲ್ಲೆ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. 1911ರಲ್ಲಿ ಹುಟ್ಟಿದ ಹುಡುಗ, ಆಗ ವಯಸ್ಸು 18. ಮುಂದೆ ಕ್ವಿಟ್ ಇಂಡಿಯಾ ಹೊತ್ತಲ್ಲಿ ಊರೂರು ಸುತ್ತಿ ಸರ್ಕಾರಿ ಕಂದಾಯ ವಸೂಲಿ ವಿರುದ್ಧ ನಿಂತು 1943ರ ಏಪ್ರಿಲ್ 1ಕ್ಕೆ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು, ಜೊತೆಗೆ ಇಬ್ಬರು ಸಂಗಾತಿಗಳೂ. ನಾಣ್ಯದ ಮೇಲೆ ಅವರ ಹೆಸರಿಲ್ಲ, ಇರೋಕೆ ಜಾಗನೂ ಇಲ್ಲ, ಆದ್ರೆ ಆ ನಡೆಯೋ ಗುಂಪಿನಲ್ಲಿ ನಮ್ಮ ಊರಿನ ಕಡೆಯೋರು ಒಬ್ಬರಿದ್ರು ಅನ್ನೋದು ಗೊತ್ತಾದ ಮೇಲೆ ಆ 50 ಪೈಸೆ ನೋಡೋ ರೀತಿಯೇ ಬದಲಾಗತ್ತೆ. ನೀವು ರಾಣೆಬೆನ್ನೂರು ಕಡೆಯೋರು ಅಂದ್ರಿ, ಮೋಟೆಬೆನ್ನೂರು ನಿಮಗೆ ಹತ್ರವೇ ಇದೆ, ಒಂದು ಭಾನುವಾರ ಮಗಳನ್ನ ಕರ್ಕೊಂಡು ಹೋಗಿ ಬನ್ನಿ.

ಅದೇ ಥರ 2007ರ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ 150 ವರ್ಷದ 5 ರೂಪಾಯಿ ಸಿಕ್ಕಿದ್ರೆ ಝಾನ್ಸಿ, ಮೀರತ್ ಅಷ್ಟಕ್ಕೇ ನಿಲ್ಲಿಸಬೇಡಿ, ಹಲಗಲಿ ಬೇಡರು ಹತಾರ ಒಪ್ಪಿಸಲ್ಲ ಅಂತ ತಿರುಗಿ ಬಿದ್ದಿದ್ದು 1857ರ ನವೆಂಬರಲ್ಲಿ, ನರಗುಂದದ ಬಾಬಾಸಾಹೇಬರು, ಮುಂಡರಗಿ ಭೀಮರಾಯರು ಎದ್ದಿದ್ದು 1858ರಲ್ಲಿ, ಅದನ್ನೆಲ್ಲ ಒಂದು ಚೀಟೀಲಿ ಬರೆದು ನಾಣ್ಯದ ಹಿಂದೆ ಇಡ್ಲಿ. ಮೈಸೂರು ವಿಶ್ವವಿದ್ಯಾಲಯದ ಶತಮಾನೋತ್ಸವದ 100 ರೂಪಾಯಿ ನಾಣ್ಯನೂ ಇದೆ, ಆದ್ರೆ ಅದು ದುಬಾರಿ, ಆಮೇಲೆ ನೋಡ್ಕೊಳ್ಳಿ.

ಅಪ್ಪನ ಡಬ್ಬೀಲಿ 10 ಪೈಸೆ ಹೂವಿನ ಅಂಚಿನ ಅಲ್ಯೂಮಿನಿಯಂ ನಾಣ್ಯ ಇದ್ರೆ ಅದನ್ನ ಮಾತ್ರ ಬಿಸಾಕಬೇಡಿ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನದು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ ನಿಜ, ಆದ್ರೆ 70ರ ದಶಕದ ಇತಿಹಾಸ ಅದರಲ್ಲೇ ಇರೋದು. 1973ಕ್ಕೆ ಹೆಚ್ಚು ಬೆಳೆಯಿರಿ ಅಂತ 50 ಪೈಸೆ, 1974ಕ್ಕೆ ಯೋಜಿತ ಕುಟುಂಬ ಎಲ್ಲರಿಗೂ ಅನ್ನ ಅಂತ 10 ಪೈಸೆ, 1975ಕ್ಕೆ ಮಹಿಳಾ ವರ್ಷ, 1979ಕ್ಕೆ ಮಕ್ಕಳ ವರ್ಷ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಬೇರೆ ಬೇರೆ ದೇಶಗಳ ಜೊತೆ ಸೇರಿ ಇಂಥ ನಾಣ್ಯ ಹೊರತರ್ತಿತ್ತು. ಟಿವಿ ಇಲ್ಲದ ಹಳ್ಳಿಗೂ ಸರ್ಕಾರದ ಮಾತು ಚಿಲ್ಲರೆ ಜೊತೆ ಹೋಗಿ ತಲುಪ್ತಿತ್ತು. ಇವೆಲ್ಲ ಡೀಲರ್ ಹತ್ರ ಈಗಲೂ ಕಡಿಮೆ ಬೆಲೆಗೇ ಸಿಗ್ತವೆ, ಕಲಿಯೋಕೆ ಒಳ್ಳೇದು.

ಹೊಸದು ಎಲ್ಲಿ ಹುಡುಕೋದು ಅಂದ್ರೆ ಮೊದಲು ಬ್ಯಾಂಕ್ ಚಿಲ್ಲರೆ. ಬ್ಯಾಂಕಿನವರು ಆಗಾಗ ನಾಣ್ಯ ಮೇಳ ಮಾಡ್ತಾರೆ, ಹೊಸ ಪ್ಯಾಕೆಟ್ ಸಿಕ್ಕಿದ್ರೆ ಒಳಗಿನದು ಯಾರೂ ಮುಟ್ಟದೆ ಇರೋದು. 2022ರ ಆಜಾದಿ ಕಾ ಅಮೃತ್ ಮಹೋತ್ಸವ ಚಿಹ್ನೆ ಇರೋ 1, 2, 5, 10, 20 ರೂಪಾಯಿ ಐದನ್ನೂ ಮುಖಬೆಲೆಗೇ ಸೇರಿಸ್ಬೋದು. ಕೆಲವು ಅಂಗಡಿಯವರು 10 ರೂಪಾಯಿ ಬೇರೆ ಬೇರೆ ಥರ ಇದೆ ಅಂತ ತಗೊಳಲ್ಲ, ಹಾಗೆ ಬೇರೆ ಬೇರೆ ಥರ ಇರೋಕೆ ಕಾರಣನೇ ಈ ಸ್ಮಾರಕ ನಾಣ್ಯಗಳು, ಅಂಬೇಡ್ಕರ್ 125ನೇ ಜಯಂತಿ, ಯೋಗ ದಿನ, ಹೋಮಿ ಭಾಭಾ ಎಲ್ಲ ಬಂದಿವೆಯಲ್ಲ. 14 ವಿನ್ಯಾಸಗಳೂ ನಡೆಯತ್ತೆ ಅಂತ 2018ರಲ್ಲೇ ಆರ್‌ಬಿಐ ಹೇಳಿದೆ. ಅಂಗಡಿಯವರು ಬೇಡ ಅಂದಿದ್ದನ್ನ ನೀವು ತಗೊಳ್ಳಿ, ಸಂಗ್ರಹ ಬೆಳೆಯತ್ತೆ.

75, 100, 125 ರೂಪಾಯಿ ಅಂತ ಬರೋ ದೊಡ್ಡ ನಾಣ್ಯಗಳು ಚಲಾವಣೆಗೆ ಬರಲ್ಲ, ಸರ್ಕಾರಿ ಟಂಕಸಾಲೆಗಳ ವೆಬ್‌ಸೈಟಲ್ಲಿ ಬುಕ್ ಮಾಡ್ಬೇಕು, ಮುಖಬೆಲೆಗಿಂತ ಬಹಳ ಜಾಸ್ತಿ ಇರತ್ತೆ. 2023ರ ಹೊಸ ಸಂಸತ್ ಭವನದ 75 ರೂಪಾಯಿ 44 ಮಿಲಿಮೀಟರ್ ಅಗಲ, 35 ಗ್ರಾಂ, ಅದರಲ್ಲಿ ಅರ್ಧ ಮಾತ್ರ ಬೆಳ್ಳಿ. ಬೆಳ್ಳಿ ರೇಟಿನ ಲೆಕ್ಕದಲ್ಲಿ ಹೂಡಿಕೆ ಅಂತ ತಗೊಳೋಕೆ ಹೋಗ್ಬೇಡಿ, ವಿಷಯ ಇಷ್ಟ ಆದ್ರೆ ಮಾತ್ರ ತಗೊಳ್ಳಿ.

ಇಡೋದು ಹೇಗೆ ಅಂದ್ರೆ ಮೆತ್ತಗಿನ ಘಮ್ಮನೆ ವಾಸನೆ ಬರೋ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡವೇ ಬೇಡ, ಕೆಲವು ವರ್ಷಕ್ಕೆ ಅದರಿಂದ ನಾಣ್ಯದ ಮೇಲೆ ಹಸಿರು ಅಂಟು ಕೂರತ್ತೆ, ಕ್ಯುಪ್ರೊ ನಿಕಲ್‌ಗೆ ಬೇಗ. ರಟ್ಟಿನ ಮಧ್ಯೆ ಮೈಲಾರ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರೋ ಚೌಕ ಹೋಲ್ಡರ್ ತಗೊಳ್ಳಿ, ಪಿನ್ ಹೊಡೆದ ಮೇಲೆ ಅದರ ಕಾಲನ್ನ ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲಾಂದ್ರೆ ಪಕ್ಕದ ನಾಣ್ಯಕ್ಕೆ ಗೀರು. ಡಬ್ಬೀಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಾಯಿಸಿ. ನಾಣ್ಯನ ಯಾವಾಗಲೂ ಅಂಚಲ್ಲಿ ಹಿಡೀಬೇಕು, ಬೆರಳಿನ ಬೆವರು ನಿಕಲ್ ಮೇಲೆ ಗುರುತು ಬಿಟ್ಟರೆ ಹೋಗಲ್ಲ.

ಸದ್ಯಕ್ಕೆ ಆ ನೆಹರೂ 50 ಪೈಸೆದು ಎರಡೂ ಬದಿ ಫೋಟೋ ಹಗಲು ಬೆಳಕಲ್ಲಿ ತೆಗೆದು ಇಲ್ಲೇ ಹಾಕಿ, ಹೆಸರು ಹಿಂದೀಲಿ ಬರೆದಿದ್ದಾ ಇಂಗ್ಲಿಷಲ್ಲಾ ನೋಡ್ಬೇಕು, ಎರಡೂ ಥರ ಬಂದಿದೆ. ದೊಡ್ಡ 10 ರೂಪಾಯಿ ಏನಾದ್ರೂ ಇದ್ರೆ ತೂಕ ಮಾಡಿ ಇಸವಿ ಸಮೇತ ಬರೀರಿ, ಯಾವುದು ಬೆಳ್ಳಿ ಯಾವುದು ಅಲ್ಲ ಅಂತ ಒಂದೊಂದಾಗಿ ಹೇಳ್ತೀನಿ.