ಮಿಲಾನ್ ಒಂದೇ ಊರು, ಎರಡಲ್ಲ

ಪ್ರಿಯ ಮಿತ್ರರೇ,

ನಿಮ್ಮ ಮಿಲಾನ್ ಲೇಖನವನ್ನು ಓದಿ ಬದಿಗಿಟ್ಟೆ, ಮನಸ್ಸು ತಡೆಯದೆ ಮತ್ತೆ ಎತ್ತಿಕೊಂಡು ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ಸರಿಯಿದೆ, ಊರು ಸುತ್ತುವ ಉತ್ಸಾಹವೂ ನಿಮಗಿದೆ. ಫುಟ್‌ಬಾಲ್ ಪಂದ್ಯದ ಸಂಜೆ ಎ.ಸಿ. ಮಿಲಾನ್ ಕ್ಲಬ್ಬಿನ ಕೆಂಪು-ಕಪ್ಪು ಸ್ಕಾರ್ಫಿನ ಅಣ್ಣ, ಎದುರಾಳಿ ಇಂಟರ್ ಕ್ಲಬ್ಬಿನ ನೀಲಿ-ಕಪ್ಪು ಸ್ಕಾರ್ಫಿನ ತಮ್ಮ ಒಂದೇ ಟ್ರಾಮಿನಿಂದ ಇಳಿದು ಬೇರೆ ಬೇರೆ ಗೇಟುಗಳತ್ತ ನಡೆದ ನಾಲ್ಕು ಸಾಲು ನನಗೆ ಬಹಳ ಹಿಡಿಸಿದವು. ಆದರೆ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಆ ನಾಲ್ಕು ಸಾಲು ಇರದಿದ್ದರೆ ಒಂದು ವಿಷಾದಪತ್ರ ಸಾಕಾಗುತ್ತಿತ್ತು. ಅವು ಇರುವುದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನನ್ನು ಕೆರಳಿಸಿದ್ದು ನಟ್ಟನಡುವಿನ ಈ ವಾಕ್ಯ: “ವಿನ್ಯಾಸದ ಲೋಕದಿಂದ ಹೊರಬಂದರೆ, ಇನ್ನೊಂದೆಡೆ ಫುಟ್‌ಬಾಲ್ ಲೋಕ ಕೈಬೀಸಿ ಕರೆಯುತ್ತದೆ.” ಅಲ್ಲಿಯವರೆಗೆ ಕುರ್ಚಿ, ದೀಪ, ಕಟ್ಟಡ. ಅಲ್ಲಿಂದಾಚೆ ಗೋಲು, ಬಾವುಟ, ಘೋಷಣೆ. ಇಡೀ ಊರನ್ನು ಅಡಿಕೆಯಂತೆ ಎರಡು ಹೋಳು ಮಾಡಿಟ್ಟಿದ್ದೀರಿ.

ನಿಮ್ಮ ಮೊದಲ ಪ್ಯಾರಾಕ್ಕೇ ಬನ್ನಿ. “ಭವ್ಯವಾದ ಸೆಂಟ್ರಲ್ ರೈಲು ನಿಲ್ದಾಣ ನಮ್ಮನ್ನು ಸ್ವಾಗತಿಸಿತು” ಎಂದಿದ್ದೀರಿ. ಆ ನಿಲ್ದಾಣದ ವಾಸ್ತುಶಿಲ್ಪಿ ಉಲಿಸ್ಸೆ ಸ್ತಾಕ್ಕೀನಿ. 1926ರಲ್ಲಿ ಬಾಗಿಲು ತೆರೆದ ಸಾನ್ ಸಿರೊ ಕ್ರೀಡಾಂಗಣದ ಮೂಲ ನಕ್ಷೆಯೂ ಅವರದೇ. ನೀವು ರೈಲಿಳಿದ ಕಟ್ಟಡ, ಪಂದ್ಯ ನೋಡಿದ ಕಟ್ಟಡ ಎರಡೂ ಒಬ್ಬರ ಕೈಯಿಂದ ಹೊರಟವು. ನಿಲ್ದಾಣದ ಎದುರಿಗಿರುವ, ಜಿಯೊ ಪೊಂಟಿ ವಿನ್ಯಾಸಗೊಳಿಸಿದ 127 ಮೀಟರ್ ಎತ್ತರದ ಪಿರೆಲ್ಲಿ ಗೋಪುರವನ್ನು “ಆಕಾಶಕ್ಕೆ ಮುತ್ತಿಡುತ್ತದೆ” ಎಂದು ಬರೆದು ಮುಂದೆ ಹೋಗಿದ್ದೀರಿ. ಪಿರೆಲ್ಲಿ ಯಾರು? ಟೈರು ತಯಾರಿಸುವ ಮನೆತನ. ಆ ಮನೆತನದ ಪಿಯೆರೊ ಪಿರೆಲ್ಲಿ ಎ.ಸಿ. ಮಿಲಾನ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ ಸಾನ್ ಸಿರೊ ಕಟ್ಟಿಸಿದರು. ಅದೇ ಕಂಪನಿಯ ಹೆಸರು ಮುಂದೆ, 1995ರಿಂದ 2021ರವರೆಗೆ, ಎದುರಾಳಿ ಇಂಟರ್ ಆಟಗಾರರ ಎದೆಯ ಮೇಲಿತ್ತು. ಆ ಇಂಟರ್ ಕ್ಲಬ್ಬಾದರೂ 1908ರಲ್ಲಿ ಮಿಲಾನ್ ಕ್ಲಬ್ಬಿನಿಂದ ಮುನಿಸಿಕೊಂಡು ಹೊರಬಂದವರು ಕಟ್ಟಿದ್ದು. ಅದರ ಲಾಂಛನವನ್ನು ಬರೆದವರು ಅವರಲ್ಲೇ ಒಬ್ಬರಾಗಿದ್ದ ಚಿತ್ರಕಾರ, ಜಾಹೀರಾತು ಪೋಸ್ಟರುಗಳ ಕಲಾವಿದ ಜೋರ್ಜೊ ಮುಜ್ಜಾನಿ. ಇದರಲ್ಲಿ ಯಾವುದು ವಿನ್ಯಾಸದ ಲೋಕ, ಯಾವುದು ಫುಟ್‌ಬಾಲ್ ಲೋಕ ಎಂದು ಗೆರೆ ಎಳೆದು ತೋರಿಸುತ್ತೀರಾ?

ಎರಡನೆಯ ಆಕ್ಷೇಪ ನಿಮ್ಮ ವಿಶೇಷಣಗಳ ಮೇಲೆ. “ಮಿಲಾನ್ ಮೆಟ್ರೊ ತನ್ನ ಸರಳ ಸೌಂದರ್ಯದಿಂದ ಕಣ್ಮನ ಸೆಳೆಯುತ್ತದೆ.” ಕಣ್ಣು ಯಾವುದರ ಮೇಲೆ ಬಿತ್ತು? ಕೈ ಏನನ್ನು ಹಿಡಿಯಿತು? 1964ರಲ್ಲಿ ಆರಂಭವಾದ ಆ ಮೊದಲ ಮಾರ್ಗದ ನಿಲ್ದಾಣಗಳನ್ನು ರೂಪಿಸಿದವರು ಫ್ರಾಂಕೊ ಅಲ್ಬೀನಿ ಮತ್ತು ಫ್ರಾಂಕಾ ಹೆಲ್ಗ್. ಮೆಟ್ಟಿಲಿಳಿಯುವಾಗ ನೀವು ಹಿಡಿದ ಕೆಂಪು ಕೊಳವೆಯ ಕಂಬಿ ಅವರದು. ಫಲಕಗಳನ್ನು ಮಾಡಿದ ಬಾಬ್ ನೂರ್ಡಾ, ನಿಲ್ದಾಣದ ಹೆಸರನ್ನು ಗೋಡೆಯ ಪಟ್ಟಿಯುದ್ದಕ್ಕೂ ಪ್ರತಿ 5 ಮೀಟರಿಗೊಮ್ಮೆ ಬರೆಸಿದರು. ಬೋಗಿಯ ಯಾವ ಕಿಟಕಿಯಲ್ಲಿ ಕುಳಿತವರಿಗೂ ಇಳಿಯುವ ಜಾಗ ತಪ್ಪಬಾರದಲ್ಲ! ಪಂದ್ಯದ ದಿನ ಒತ್ತೊತ್ತಾಗಿ ತುಂಬಿದ ಬೋಗಿಯಲ್ಲಿ, ಯಾರದೋ ಭುಜದ ಮೇಲಿನಿಂದ ಇಣುಕಿ ‘ಲೊತ್ತೊ’ ಎಂಬ ಹೆಸರನ್ನು ಓದಿಕೊಂಡೇ ನೀವು ಇಳಿದಿರಬೇಕು. ಅದನ್ನು ಬರೆಯಿರಿ.

“ಆರ್ಕೊ ದೀಪದ ಗಾಂಭೀರ್ಯ ನಮ್ಮನ್ನು ಮೂಕವಿಸ್ಮಿತರನ್ನಾಗಿಸುತ್ತದೆ.” 1962ರಲ್ಲಿ ವಿನ್ಯಾಸಕಾರ ಕ್ಯಾಸ್ತಿಲ್ಯೋನಿ ಸಹೋದರರು ಮಾಡಿದ, ಬಿಲ್ಲಿನಂತೆ ಬಾಗಿದ ಕಂಬಿಯ ಆ ದೀಪದ ಅಡಿಗಲ್ಲು ಸುಮಾರು 65 ಕಿಲೊ ತೂಗುವ ಅಮೃತಶಿಲೆ. ಅದರಲ್ಲೊಂದು ತೂತಿದೆ, ನೋಡಿದಿರಾ? ದೀಪವನ್ನು ಸರಿಸಬೇಕಾದಾಗ ಪೊರಕೆಯ ಕೋಲನ್ನು ಅದರಲ್ಲಿ ತೂರಿಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಲೆಂದು ಬಿಟ್ಟ ತೂತು ಅದು. ಕಲ್ಲಿನ ಮೂಲೆಗಳನ್ನು ಸವರಿರುವುದು ಓಡಾಡುವವರ ಕಾಲಿಗೆ ತಾಗಿದರೂ ಪೆಟ್ಟಾಗದಿರಲೆಂದು. ಮೂಕರಾಗುವಂಥದ್ದು ಅಲ್ಲಿ ಏನೂ ಇಲ್ಲ, ಹೇಳಲು ಮಾತ್ರ ಬೇಕಾದಷ್ಟಿದೆ.

ನನಗೆ ತೀರ ಸಂಕಟವಾದದ್ದು ಈ ವಾಕ್ಯದಿಂದ: “ಕ್ರೀಡಾಂಗಣದ ಹೊರಗೋಡೆಯ ಅಲಂಕಾರಿಕ ಪಟ್ಟಿಗಳು ನೋಡುಗರನ್ನು ಮೋಡಿ ಮಾಡುತ್ತವೆ.” ಅವು ಅಲಂಕಾರವಲ್ಲ. 1955ರಲ್ಲಿ ಎರಡನೆಯ ಅಂತಸ್ತು ಸೇರಿಸಿದಾಗ, ಅಷ್ಟು ಜನ ಮೇಲೆ ಹತ್ತಲೆಂದು ಕಟ್ಟಡದ ಸುತ್ತ ಹೊರಮೈಗೇ ಸುತ್ತಿದ ಇಳಿಜಾರು ದಾರಿಗಳು ಅವು. ಪಂದ್ಯದ ಸಂಜೆ ಸಾವಿರಾರು ಜನ ಗೋಡೆಯ ಮೇಲೆ ನಡೆಯುತ್ತಿರುವಂತೆ ಹೊರಗಿನವರಿಗೆ ಕಾಣುತ್ತದೆ. ಎರಡನೆಯ ಅಂತಸ್ತಿನಲ್ಲಿ ಕುಳಿತೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಆ ಪಟ್ಟಿಯ ಮೇಲೆ ನಡೆದವರಲ್ಲಿ ನೀವೂ ಒಬ್ಬರು! ಕಾಲಿಗೆ ಗೊತ್ತಿದ್ದದ್ದು ಲೇಖನಿಗೆ ಏಕೆ ಬರಲಿಲ್ಲ?

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ. 1990ರ ಜೂನ್ 8ರಂದು ಇದೇ ಸಾನ್ ಸಿರೊದಲ್ಲಿ ವಿಶ್ವಕಪ್‌ನ ಮೊದಲ ಪಂದ್ಯ. ಮರಡೋನಾರ ಅರ್ಜೆಂಟೀನಾವನ್ನು ಕ್ಯಾಮರೂನ್ 1–0ಯಿಂದ ಸೋಲಿಸಿತು. ಟೆಲಿಪ್ರಿಂಟರಿನಿಂದ ಬಂದದ್ದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಿತ್ತು. “ರೋಮಾಂಚಕ ಗೋಲು” ಎಂದು ಬರೆದು ಕೊಟ್ಟೆ. ಮುಖ್ಯ ಉಪಸಂಪಾದಕರು ವಯಸ್ಸಾದವರು, ಮಿತಭಾಷಿ. “ಚೆಂಡು ಎಲ್ಲಿಂದ ಬಂತು? ಗೋಲಿ ಏನು ಮಾಡುತ್ತಿದ್ದ?” ಎಂದು ಕೇಳಿದರು. ಅಚ್ಚಿಗೆ ಹೋಗುವ ಹೊತ್ತು ಹತ್ತಿರವಾಗಿತ್ತು. ಒಮಾಮ್-ಬಿಯಿಕ್ ಎತ್ತರಕ್ಕೆ ನೆಗೆದು ತಲೆ ಕೊಟ್ಟದ್ದು, ಚೆಂಡು ಗೋಲಿ ಪುಂಪಿಡೊ ಕೈಯಿಂದ ಜಾರಿ ಗೆರೆ ದಾಟಿದ್ದು, ಅದಕ್ಕೆ ಕೆಲವೇ ನಿಮಿಷ ಮೊದಲು ಒಮಾಮ್-ಬಿಯಿಕ್ ಅವರ ಅಣ್ಣ ಕಾನಾ-ಬಿಯಿಕ್‌ಗೆ ಕೆಂಪು ಕಾರ್ಡ್ ಸಿಕ್ಕಿದ್ದು, ಕೊನೆಗೆ ಒಂಬತ್ತೇ ಜನ ಆಡಿ ಗೆದ್ದದ್ದು, ಎಲ್ಲವನ್ನೂ ಹುಡುಕಿ ಸೇರಿಸಿದೆ. ಅವರು ತುಟಿ ಬಿಚ್ಚದೆ ಪುಟಕ್ಕೆ ಕಳುಹಿಸಿದರು. ಆ ರಾತ್ರಿಯ ಸಂತೋಷ ನನಗೆ ಇಂದಿಗೂ ಇದೆ, ನಿಮಗೂ ಅದು ಸಿಗಲಿ ಎಂಬುದು ನನ್ನ ಆಸೆ.

ಅಂದಹಾಗೆ, ನೀವು “ಇತಿಹಾಸಕ್ಕೆ ಮೂಕಸಾಕ್ಷಿ” ಎಂದ ಹನ್ನೊಂದು ದುಂಡು ಗೋಪುರಗಳನ್ನೂ ಮೂರನೆಯ ಅಂತಸ್ತನ್ನೂ ಕಟ್ಟಿದ್ದು ಆ ವಿಶ್ವಕಪ್‌ಗಾಗಿಯೇ. ಅವುಗಳಲ್ಲಿ ಮೂಲೆಯ ನಾಲ್ಕು ಛಾವಣಿಯ ಕೆಂಪು ತೊಲೆಗಳನ್ನು ಹೊತ್ತಿವೆ.

ತಿದ್ದುವಾಗ ಅಣ್ಣತಮ್ಮಂದಿರಿಂದಲೇ ಆರಂಭಿಸಿ. ಕೆಥೆಡ್ರಲ್, ಶಾಪಿಂಗ್, ಹೋಟೆಲಿನ ಪ್ಯಾರಾಗಳು ಬೇಡ. ಒಂದು ಸಂಗತಿಯನ್ನು ಮಾತ್ರ ಖಂಡಿತ ಸೇರಿಸಿ. ಸಾನ್ ಸಿರೊವನ್ನು, ಅದನ್ನು ಹಂಚಿಕೊಂಡು ಆಡುವ ಎರಡೂ ಕ್ಲಬ್‌ಗಳಿಗೆ ಮಾರಲು ನಗರಸಭೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಒಪ್ಪಿಗೆ ನೀಡಿತು. ಪಕ್ಕದಲ್ಲೇ ಹೊಸದನ್ನು ಕಟ್ಟಿ, ಹಳೆಯದರ ಹೆಚ್ಚಿನ ಭಾಗವನ್ನು ಕೆಡವುವುದು ಕ್ಲಬ್‌ಗಳ ಯೋಜನೆ. ಅಷ್ಟು ಅವಸರ ಏಕೆಂದರೆ, ನೀವು ಅಲಂಕಾರ ಎಂದ ಪಟ್ಟಿಗಳ ಆ ಎರಡನೆಯ ಅಂತಸ್ತಿಗೆ ಅದೇ ನವೆಂಬರಿನಲ್ಲಿ 70 ವರ್ಷ ತುಂಬುತ್ತಿತ್ತು. ಸಾರ್ವಜನಿಕ ಒಡೆತನದ ಕಟ್ಟಡಕ್ಕೆ ಅಷ್ಟು ವಯಸ್ಸಾದರೆ ಇಟಲಿಯ ಪರಂಪರೆ ಕಾನೂನಿನ ರಕ್ಷಣೆ ಸಿಗುತ್ತದೆ. ಟ್ರಾಮಿನಿಂದ ಇಳಿದ ಆ ಇಬ್ಬರು ಇದರ ಬಗ್ಗೆ ಏನಾದರೂ ಮಾತನಾಡಿಕೊಂಡಿದ್ದರೆ ಅದೂ ಇರಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ