ಹಸಿ ಕಸ ಗೇಟು ದಾಟದಿರಲಿ

ಓದುಗರ ಪತ್ರ: "ಕಾರ್ಕಳದ ಕಡೆಯ ತೋಟದ ಮನೆಯಿಂದ ಬಂದು ಈಗ ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಪರಿಸರಕ್ಕೆ ತೊಂದರೆ ಆಗದ ಹಾಗೆ ಬದುಕಬೇಕು ಅಂತ ಆಸೆ. ಬಿದಿರಿನ ಬ್ರಶ್ಶು, ಮರದ ಬಾಚಣಿಗೆ ಎಲ್ಲ ನೋಡಿದೆ, ಬೆಲೆ ಜಾಸ್ತಿ. 'ನಾವು ಹಿಂದೆ ಹೀಗೇ ಬದುಕಿದ್ದು, ಯಾರೂ ಹೇಳಿಕೊಟ್ಟಿರಲಿಲ್ಲ' ಅನ್ನುತ್ತಾರೆ ಅತ್ತೆ. ನಮ್ಮ ಒಂದು ಮನೆ ಬದಲಾದರೆ ಏನು ಪ್ರಯೋಜನ ಅಂತ ಗಂಡ ಕೇಳುತ್ತಾರೆ. ದಿನನಿತ್ಯ ಮಾಡಬಹುದಾದ ಸುಲಭದ ಕೆಲಸ ತಿಳಿಸಿ. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ. ನೂರು ಜನ ಬರುತ್ತಾರೆ. ಅದಕ್ಕೂ ಏನಾದರೂ ಹೇಳಿ."

ಪ್ರಿಯ ಓದುಗರೇ,

ಬಿದಿರಿನ ಬ್ರಶ್ಶನ್ನು ಸದ್ಯಕ್ಕೆ ಬಿಡಿ. ಮನೆಯಲ್ಲಿರುವ ಪ್ಲಾಸ್ಟಿಕ್ ಬಾಚಣಿಗೆಯನ್ನೇ ಅದು ಮುರಿಯುವವರೆಗೆ ಬಳಸಿ. ಪರಿಸರದ ಹೆಸರಿನಲ್ಲಿ ಹೊಸ ಸಾಮಾನು ಕೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಒಂದು ಕೆಲಸ ಹೇಳಿ ಅಂದರೆ ನಾನು ಹೇಳುವುದು ಇಷ್ಟು: ನಿಮ್ಮ ಅಡುಗೆಮನೆಯ ಹಸಿ ಕಸ ಗೇಟು ದಾಟಿ ಹೋಗಬಾರದು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಯಾಕೆ ಅಂದರೆ, ನಮ್ಮ ಊರುಗಳಲ್ಲಿ ಮನೆಯಿಂದ ಹೊರಬೀಳುವ ಕಸದಲ್ಲಿ ಸುಮಾರು ಅರ್ಧ ಹಸಿಯೇ. ತರಕಾರಿ ಸಿಪ್ಪೆ, ಅನ್ನ, ಚಹಾ ಚರಟ. ಇದನ್ನು ಹಾಲಿನ ಪ್ಯಾಕೆಟ್ಟು, ಬಿಸ್ಕತ್ತಿನ ಕವರು, ರಟ್ಟಿನ ಜೊತೆ ಒಂದೇ ಚೀಲಕ್ಕೆ ತುಂಬಿ ಗಂಟು ಹಾಕಿದರೆ ಎಲ್ಲವೂ ಕೆಟ್ಟಿತು. ಒಣಗಿದ್ದರೆ ಗುಜರಿಗೆ ಹೋಗುತ್ತಿದ್ದ ಕಾಗದ ಕೊಳೆಯುತ್ತದೆ. ಗೊಬ್ಬರ ಆಗಬೇಕಿದ್ದ ಸಿಪ್ಪೆಗೆ ಪ್ಲಾಸ್ಟಿಕ್ ಸೇರುತ್ತದೆ. ಆ ಗಂಟು ಬಿಚ್ಚಿ ಕೈ ಹಾಕಿ ಆರಿಸುವವರು ನಮ್ಮ ನಿಮ್ಮಂಥ ಮನುಷ್ಯರೇ. ಗಾಳಿಯಾಡದ ರಾಶಿಯೊಳಗೆ ಕೊಳೆತ ಹಸಿ ಕಸದಿಂದ ಮೀಥೇನ್ ಅನಿಲ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ.

ನಿಮ್ಮ ಯಜಮಾನರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಿಜೈಯಿಂದ ನಗರದ ಕಸ ಸುರಿಯುವ ಪಚ್ಚನಾಡಿ ಎಷ್ಟು ದೂರ? 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಕೆಳಗಿನ ಮಂದಾರಕ್ಕೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡವನ್ನು ಯಾವುದೋ ಒಂದು ಕಾರ್ಖಾನೆ ಕಟ್ಟಿದ್ದಲ್ಲ. ಕದ್ರಿ, ಬಿಜೈ, ಕಂಕನಾಡಿ, ಉರ್ವದ ಮನೆಗಳಲ್ಲಿ ದಿನಾ ಬೆಳಗ್ಗೆ ಗಂಟು ಹಾಕಿದ ಚೀಲಗಳು ಸೇರಿ ಆದದ್ದು. ಒಂದು ಮನೆಯ ಚೀಲ ಕಡಿಮೆಯಾದರೆ ಗುಡ್ಡ ಕರಗುವುದಿಲ್ಲ, ನಿಜ. ಆದರೆ ಮಂದಾರದಲ್ಲಿ ತೋಟ ಕಳೆದುಕೊಂಡವರ ಮುಂದೆ ನಿಂತು 'ನಮ್ಮ ಮನೆಯದ್ದು ಸ್ವಲ್ಪವೇ' ಅನ್ನಲು ನನಗಂತೂ ಮನಸ್ಸು ಬಾರದು.

ಇನ್ನು ಮಾಡುವ ಕ್ರಮ. ಬಾಲ್ಕನಿಯಲ್ಲಿ ಮೂರು ಮಣ್ಣಿನ ಮಡಕೆ ಸಾಕು. ಬದಿಯಲ್ಲಿ ನಾಲ್ಕೈದು ತೂತು ಇರಲಿ. ತಳಕ್ಕೆ ತೆಂಗಿನ ನಾರು ಹಾಸಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ನೀರು ಬಸಿದು ಹಾಕಿ. ಮೇಲಿಂದ ಎರಡು ಹಿಡಿ ಒಣ ತರಗೆಲೆ ಪುಡಿ. ಶುರುವಿಗೆ ಒಂದಿಷ್ಟು ಸೆಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ಒಂದು ಮಡಕೆ ತುಂಬಿದ ಮೇಲೆ ಅದನ್ನು ಸುಮ್ನೆ ಬಿಟ್ಟು ಎರಡನೆಯದಕ್ಕೆ ಹಾಕಿ. ಮೂರನೆಯದು ತುಂಬುವಷ್ಟರಲ್ಲಿ ಮೊದಲನೆಯದರಲ್ಲಿ ಕಪ್ಪು ಗೊಬ್ಬರ ತಯಾರಿರುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು ಅಂತ ಅರ್ಥ.

ವಾಸನೆ ಬಂತು ಅಂತ ಅರ್ಧಕ್ಕೆ ಬಿಡುವವರೇ ಜಾಸ್ತಿ. ದುರ್ವಾಸನೆ ಬಂದರೆ ಒಳಗೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸಾಲದು ಅಂತ ತಿಳಿಯಿರಿ. ನಮ್ಮ ಕರಾವಳಿಯಲ್ಲಿ ಇದೇ ದೊಡ್ಡ ತೊಡಕು. ಜೂನ್ ಬಂದರೆ ನಾಲ್ಕು ತಿಂಗಳು ಒಣಗಿದ ವಸ್ತು ಅಂತ ಒಂದೂ ಸಿಗುವುದಿಲ್ಲ. ಹಾಗಾಗಿ ಫೆಬ್ರವರಿ, ಮಾರ್ಚಿನಲ್ಲೇ ತಯಾರಿ ಆಗಬೇಕು. ಆಗ ಹಲಸು, ಗೇರು, ಮಾವಿನ ಮರದ ಬುಡದಲ್ಲೆಲ್ಲ ತರಗೆಲೆ ರಾಶಿ ಬಿದ್ದಿರುತ್ತದೆ. ಬೆಳಗ್ಗೆ ಅದನ್ನು ಗುಡಿಸಿ ಬೆಂಕಿ ಕೊಡುವುದನ್ನು ಬೀದಿ ಬೀದಿಯಲ್ಲಿ ನೋಡುತ್ತೇವೆ, ಅಲ್ವಾ? ಆ ಎಲೆಯನ್ನು ಅಕ್ಕಿ ಗೋಣಿಯಲ್ಲಿ ಒತ್ತಿ ತುಂಬಿಸಿ, ನೆನೆಯದ ಕಡೆ ಇಡಿ. ಹಲಸಿನ ಕಾಲದಲ್ಲಿ ಬೇಕೇ ಬೇಕು. ಒಂದು ಹಣ್ಣಿನ ರೆಚ್ಚೆ, ಅಂದರೆ ಹೊರಗಿನ ದಪ್ಪ ಸಿಪ್ಪೆ, ಒಂದು ಮಡಕೆಯನ್ನೇ ತಿನ್ನುತ್ತದೆ. ಅದನ್ನು ಸಣ್ಣ ತುಂಡು ಮಾಡಿ, ಜಾಸ್ತಿ ಎಲೆ ಬೆರೆಸಿ, ಎರಡು ಮಡಕೆಗೆ ಹಂಚಿ. ಮೀನಿನ ಕಸ ಮಾತ್ರ ಬಾಲ್ಕನಿಯ ಮಡಕೆಗೆ ಬೇಡ, ಬೆಕ್ಕು ಕಾಗೆಗಳ ಕಾಟ. ಫ್ಲ್ಯಾಟಿನ ಹಿಂದೆ ತೆಂಗಿನ ಮರ ಇದ್ದರೆ ಒಂದೂವರೆ ಅಡಿ ಆಳಕ್ಕೆ ಹೂತು, ಮೇಲೆ ಬೂದಿ ಹಾಕಿ ಮಣ್ಣು ಮುಚ್ಚಿ. ಮೀನು ಕ್ಲೀನ್ ಮಾಡಿಸಿ ತರುವವರಾದರೆ ಆ ಚಿಂತೆಯೂ ಇಲ್ಲ. ಮಾರ್ಕೆಟಿಗೆ ಸ್ಟೀಲ್ ಡಬ್ಬ ಒಯ್ಯಿರಿ. ಬಂಗುಡೆ, ಬೂತಾಯಿಗೆ ಕಟ್ಟಿಕೊಡುವ ತೆಳು ಚೀಲವನ್ನು ತೊಳೆಯಲೂ ಆಗದು, ಗುಜರಿಯವರು ಮುಟ್ಟುವುದೂ ಇಲ್ಲ.

ಹಸಿ ಕಸ ಬೇರೆಯಾದ ಮೇಲೆ ಉಳಿದ ಬುಟ್ಟಿಯನ್ನು ನೋಡಿ. ನಾರುವುದಿಲ್ಲ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಬಟ್ಟೆಯ ಜೊತೆ ಹಗ್ಗಕ್ಕೆ ಹಾಕಿದರೆ ಅದೂ ಸ್ವಚ್ಛ. ಒಣ ಕಸವನ್ನು ವಾರಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ. ನಿಮ್ಮ ಕಾರ್ಕಳದ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯತುಗಳ ಒಣ ಕಸ ವಿಂಗಡಿಸುವ ಘಟಕವೇ ಇದೆ. ಕುಂದಾಪುರದ ವಂಡ್ಸೆ ಪಂಚಾಯತು ಕಸ ವಿಂಗಡಣೆಗೇ ಹೆಸರಾದದ್ದು. ಹಳ್ಳಿಗಳಲ್ಲಿ ಆದದ್ದು ಮಂಗಳೂರಿನ ಫ್ಲ್ಯಾಟುಗಳಲ್ಲಿ ಆಗಬಾರದು ಅಂತ ಏನಿಲ್ಲ. ಸ್ಯಾನಿಟರಿ ಪ್ಯಾಡು, ಡಯಪರನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಬೇರೆಯೇ ಕೊಡಿ.

ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದು ನಿಜ. ಎಲೆಯಲ್ಲಿ ಬೇಯಿಸುವ ಕಡುಬುಗಳನ್ನೇ ನೋಡಿ: ಮೂಡೆಗೆ ಮುಂಡೇವಿನ (ಕೇದಗೆ ಜಾತಿಯ) ಎಲೆ, ಕೊಟ್ಟೆಗೆ ಹಲಸಿನೆಲೆ, ಗಟ್ಟಿಗೆ ಅರಿಶಿನದ ಎಲೆ. ಪಾತ್ರೆ ತಿಕ್ಕಲು ತೆಂಗಿನ ನಾರು ಮತ್ತು ಬೂದಿ. ರೇಷ್ಮೆ ಸೀರೆಗೆ ಅಂಟುವಾಳ, ತಲೆಗೆ ದಾಸವಾಳದ ಎಲೆಯ ಗೊಂಪು. ಇದರಲ್ಲಿ ಎಷ್ಟನ್ನು ಈಗಲೂ ಉಳಿಸಿಕೊಳ್ಳಬಹುದೋ ಅವರನ್ನೇ ಕೇಳಿ ಕಲಿಯಿರಿ. ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಒಂದು ಮಾತನ್ನು ಮಾತ್ರ ಅವರಿಗೂ ಹೇಳಬೇಕು. ಆಗ ಅಂಗಳದಾಚೆ ಎಸೆದದ್ದೆಲ್ಲ ಮಣ್ಣಾಗುತ್ತಿತ್ತು. ಎಸೆಯುವ ಅಭ್ಯಾಸ ಹಾಗೇ ಉಳಿಯಿತು, ಎಸೆಯುವ ವಸ್ತು ಬದಲಾಯಿತು. ಇವತ್ತಿಗೂ ತೋಟದ ಮನೆಗಳಲ್ಲಿ ಬಚ್ಚಲೊಲೆಗೆ ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಕವರು ಬಳಸುತ್ತಾರೆ. ಮಡಲು, ಕರಟ ನೆನೆದಿರುತ್ತದೆ, ಕವರಾದರೆ ತಕ್ಷಣ ಹತ್ತಿಕೊಳ್ಳುತ್ತದೆ. ಆ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಪಿವಿಸಿ ತುಂಡುಗಳು ಸೇರಿದ್ದರೆ ಉರಿಯುವಾಗ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ಮರುದಿನ ಆ ಒಲೆಯ ಬೂದಿ ಬಸಳೆ ಬುಡಕ್ಕೆ. ಊರಿಗೆ ಹೋದಾಗ ಇದೊಂದನ್ನು ನಿಲ್ಲಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ತೆಂಗಿನ ಸಿಪ್ಪೆ ಇಟ್ಟರೆ ಮಳೆಗಾಲದಲ್ಲೂ ಬೆಂಕಿ ಹಿಡಿಯುತ್ತದೆ.

ನೀರಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಬೇಕು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಛಾವಣಿ ಅಂದರೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಆಯಿತು. ಇಷ್ಟಿದ್ದೂ 2019ರ ಬೇಸಿಗೆಯಲ್ಲಿ ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನೀರನ್ನು ಸರದಿಯ ಮೇಲೆ ಹಂಚುವ ಪರಿಸ್ಥಿತಿ ಬಂತು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ನೀರನ್ನು ಬೇಗ ಕುಡಿಯುತ್ತದೆ, ಇಳಿಜಾರಿನಲ್ಲಿ ಅಷ್ಟೇ ಬೇಗ ಸಮುದ್ರಕ್ಕೆ ಬಿಡುತ್ತದೆ. ನಿಮ್ಮ ಕಟ್ಟಡಕ್ಕೆ ಬಾವಿ ಇದ್ದರೆ ಛಾವಣಿಯ ಪೈಪನ್ನು ಚರಂಡಿಗೆ ಬಿಡುವ ಬದಲು ಜಲ್ಲಿ, ಮರಳು, ಇದ್ದಿಲಿನ ಸೋಸುಕದ ಮೂಲಕ ಬಾವಿಗೆ ತಿರುಗಿಸಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲಿ. ಆಟಿಯಲ್ಲಿ (ಜುಲೈ-ಆಗಸ್ಟ್) ಬಾವಿ ಹೇಗೂ ತುಂಬಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಗುಡುಗು ಮಳೆಯನ್ನು ಬಿಡಬೇಡಿ, ಬೇಸಿಗೆಗೆ ಹೆಚ್ಚು ಹತ್ತಿರದ್ದು ಅದೇ. ತೋಟದಲ್ಲಿ ಇಂಗುಗುಂಡಿ ತೋಡುವುದಾದರೆ ಗುಡ್ಡದ ಕಡಿದಾದ ಅಂಚಿನಲ್ಲಿ ಬೇಡ, ಮಣ್ಣು ಸಡಿಲವಾಗಿ ಜರಿಯುತ್ತದೆ. ಕುಡಿಯುವ ನೀರಿಗೆ ಆರ್‌ಓ ಯಂತ್ರ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಕಡಲ ಬದಿಯ ಉಪ್ಪು ನೀರು ಬಿಟ್ಟರೆ ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಸಾಮಾನ್ಯವಾಗಿ ಲವಣ ಕಡಿಮೆ. ಕುದಿಸಿ ಸೋಸಿದರೆ ಹೆಚ್ಚಿನ ಮನೆಗಳಿಗೆ ಸಾಕು.

ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. 60 ವಾಟಿನ ಹಳೇ ಬಲ್ಬಿನ ಬೆಳಕನ್ನು 9 ವಾಟಿನ ಎಲ್‌ಇಡಿ ಕೊಡುತ್ತದೆ. ಏಸಿಯನ್ನು 24 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿತಾಯ. ಹಂಪನಕಟ್ಟೆಗೆ ಹೋಗಲು ಬಿಜೈಯಿಂದ ಬಸ್ಸಿಗೇನೂ ಬರವಿಲ್ಲ, ಕಾರು ಮನೆಯಲ್ಲಿರಲಿ.

ಕೊನೆಗೆ ಹುಟ್ಟುಹಬ್ಬ. ಊಟಕ್ಕೆ ಬಾಳೆಲೆ, ಬಫೆ ಆದರೆ ಹಾಳೆ ತಟ್ಟೆ. ಅಡಿಕೆ ಮರದಿಂದ ತಾನಾಗಿ ಬಿದ್ದ ಹಾಳೆಯನ್ನು ಬಿಸಿಯಲ್ಲಿ ಒತ್ತಿ ಮಾಡಿದ ತಟ್ಟೆ ಅದು, ನಮ್ಮದೇ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಪೇಪರ್ ಕಪ್ ಬೇಡ. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಪಾತ್ರೆ ಬಾಡಿಗೆಗೆ ಕೊಡುವವರಲ್ಲಿ ನೂರು ಸ್ಟೀಲ್ ಲೋಟ ತನ್ನಿ. ಥರ್ಮೊಕೋಲ್ ಅಕ್ಷರ, ಮಿನುಗು ಕಾಗದದ ಬದಲು ಮಾವಿನೆಲೆ ತೋರಣ, ತೆಂಗಿನ ಸಿರಿ (ಎಳೆ ಗರಿ). ಮಗಳ ಜಡೆಗೆ ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆ. ಬಂದವರಿಗೆ ಉಡುಗೊರೆ ಕೊಡುವ ಚೀಲ ಬಟ್ಟೆಯದೇ ಅಂತ ಖಚಿತ ಮಾಡಿಕೊಳ್ಳಿ. ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ ಎಷ್ಟೋ ಚೀಲಗಳು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹಳೇ ಹತ್ತಿ ಸೀರೆಯಲ್ಲಿ ಹೊಲಿಸಿದರೆ ಖರ್ಚೂ ಕಡಿಮೆ. ನೂರು ಹಾಳೆ ತಟ್ಟೆ ನಿಮ್ಮ ಮಡಕೆಗಳಲ್ಲಿ ಹಿಡಿಸುವುದಿಲ್ಲ. ಗೋಣಿಗೆ ತುಂಬಿ ಕಾರ್ಕಳದ ತೋಟಕ್ಕೆ ಕಳಿಸಿ, ತೆಂಗಿನ ಬುಡಕ್ಕೆ ಹಾಕಿಸಿ.

ಮಡಕೆ ಶುರು ಮಾಡಿ ಎರಡು ತಿಂಗಳಾದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಹುಳ ಬಂತು, ನೆರೆಮನೆಯವರು ಬೈದರು ಅಂತಾದರೂ ಬರೆಯಿರಿ, ಪರಿಹಾರ ಹುಡುಕೋಣ.

– ಸಂಪಾದಕ